ಮಂಡಿಯ ಪೆಟ್ಟು, ಸೊಂಟದ ನೋವು: ಮಾಜಿ ಸೈನಿಕ ಬೆಳೆಗಾರರ ಪಿಂಚಣಿ ಮೇಲ್ಮನವಿಯ ವಿಚಾರ



ಈ ಪತ್ರಿಕೆಯಲ್ಲಿ ನಾವು ಸಾಮಾನ್ಯವಾಗಿ ಕೊಳೆರೋಗ, ಕಾಯಿಕೊರಕ, ಗೊಬ್ಬರ, ಧಾರಣೆ ಇವುಗಳ ವಿಚಾರ ಬರೆಯುವುದು ವಾಡಿಕೆ. ಈ ಸಲ ಬೇರೊಂದು ವಿಷಯವನ್ನು ತೆಗೆದುಕೊಂಡಿದ್ದೇವೆ. ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಕೊಳವೆಬಾವಿಯ ನೀರನ್ನು ನಂಬಿ ಎರಡು ಮೂರು ಎಕರೆ ಅಡಿಕೆ ಇಟ್ಟಿರುವ ನಮ್ಮ ಸದಸ್ಯರಲ್ಲಿ ಮಾಜಿ ಸೈನಿಕರೂ ಇದ್ದಾರೆ. ಸೇನೆಯಿಂದ ಬಂದಾಗ ಕೈಗೆ ಸಿಕ್ಕಿದ ಹಣವನ್ನು ಬಾವಿಗೂ ಸಸಿಗೂ ಹಾಕಿದವರು ಇವರು. ಮಲೆನಾಡಿನ ಕಾಫಿ ಬೆಳೆಗಾರರಲ್ಲಂತೂ ಮಿಲಿಟರಿಗೆ ಹೋಗಿಬಂದ ಮನೆತನಗಳು ಬೇಕಾದಷ್ಟಿವೆ. ಇಂಥವರಲ್ಲಿ ಕೆಲವರು ಗೊಬ್ಬರದ ಇಂಡೆಂಟು ಕೊಡಲು ಬಂದಾಗ ಜೇಬಿನಿಂದ ಒಂದು ಕಂದು ಲಕೋಟೆಯನ್ನೂ ತೆಗೆದು, "ಇದರಲ್ಲಿ ಏನು ಬರೆದಿದ್ದಾರೆ ಸ್ವಲ್ಪ ನೋಡಿ" ಎಂದು ಕೇಳುವುದುಂಟು. ಒಳಗಿರುವುದು ಇಂಗ್ಲಿಷಿನಲ್ಲಿ ಬರೆದ ಒಂದು ಪುಟದ ಪತ್ರ. ಅಂಗವಿಕಲತಾ ಪಿಂಚಣಿಯ ಕೋರಿಕೆಯನ್ನು ತಿರಸ್ಕರಿಸಲಾಗಿದೆ ಎಂಬುದು ಅದರ ಸಾರಾಂಶ.

ಕೆಲವು ವರ್ಷಗಳ ಹಿಂದೆ ಮುಳಬಾಗಿಲು ಕಡೆಯ ಸದಸ್ಯರೊಬ್ಬರು ಹೀಗೆಯೇ ಬಂದರು. ಹವಾಲ್ದಾರರಾಗಿ ಅವಧಿ ಪೂರ್ಣ ಮಾಡಿ ನಿವೃತ್ತರಾದವರು. ಸೇವೆಯಲ್ಲಿದ್ದಾಗ ತರಬೇತಿಯ ಅಡೆತಡೆಯ ಓಟದಲ್ಲಿ ಬಿದ್ದು ಬಲಮಂಡಿಯ ಒಳಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆಯಾಗಿತ್ತು. ಆ ಮೇಲೆ ಹತ್ತು ಹನ್ನೆರಡು ವರ್ಷ ಸ್ವಲ್ಪ ಕುಂಟುತ್ತಲೇ ಸೇವೆ ಸಲ್ಲಿಸಿದರು. ಕೊನೆಯ ವರ್ಷಗಳಲ್ಲಿ ಸೊಂಟ ಹಿಡಿಯಿತು. ಬಿಡುಗಡೆಯ ಮೆಡಿಕಲ್ ಬೋರ್ಡು ಮಂಡಿಯ ಪೆಟ್ಟು ಸೇವೆಯಿಂದಲೇ ಉಂಟಾದದ್ದೆಂದು ಒಪ್ಪಿ ಶೇ. 15 ಎಂದು ಬರೆಯಿತು. ಸೊಂಟದ ಕಾಯಿಲೆಗೆ ಶೇ. 20 ಎಂದು ಬರೆದು, ಆದರೆ ಅದು ಸೇವೆಯಿಂದ ಉಂಟಾದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ ಎಂದಿತು. ಒಪ್ಪಿದ್ದು ಶೇ. 20ಕ್ಕೆ ಮುಟ್ಟಲಿಲ್ಲ, ಮುಟ್ಟಿದ್ದನ್ನು ಒಪ್ಪಲಿಲ್ಲ. ಒಟ್ಟಿನಲ್ಲಿ ಬಂದದ್ದು ಸೊನ್ನೆ.

"ಬಿಡಿ ಸ್ವಾಮಿ, ಡಾಕ್ಟ್ರುಗಳೇ ಇಲ್ಲಾ ಅಂತ ಬರ್ದವ್ರೆ, ಇನ್ನೇನ್ ಐತೆ ಅದರಲ್ಲಿ" ಎಂದು ಅವರು ಲಕೋಟೆಯನ್ನು ಮಡಿಸತೊಡಗಿದರು. ಪತ್ರದ ತಾರೀಖು ನೋಡಿದೆವು. ಐದು ತಿಂಗಳು ಕಳೆದಿತ್ತು. ಮೊದಲ ಮೇಲ್ಮನವಿಗೆ ಇರುವುದು ಆರು ತಿಂಗಳು. ಅಂದು ನಾವು ತಿಳಿದುಕೊಂಡದ್ದನ್ನೂ, ಆ ಮೇಲೆ ಕಲಿತದ್ದನ್ನೂ, ನಾವೇ ಮಾಡಿದ ಒಂದು ತಪ್ಪನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ.

ಎರಡು ಮಾತುಗಳ ಅರ್ಥ

ಅಂಗವಿಕಲತಾ ಪಿಂಚಣಿ ಸಿಗಬೇಕಾದರೆ ಎರಡು ಷರತ್ತುಗಳು ಒಟ್ಟಿಗೆ ಪೂರೈಸಬೇಕು. ಒಂದು, ನ್ಯೂನತೆ ಶೇ. 20 ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಇನ್ನೊಂದು, ಅದು ಸೈನಿಕ ಸೇವೆಯಿಂದ ಉಂಟಾಗಿರಬೇಕು, ಇಲ್ಲವೇ ಸೇವೆಯಿಂದ ಉಲ್ಬಣಿಸಿರಬೇಕು. 1961ರ ಸೇನಾ ಪಿಂಚಣಿ ನಿಯಮಾವಳಿಯ 173ನೆಯ ನಿಯಮದ ತಿರುಳು ಇದೇ, ಈಚಿನ ನಿಯಮಾವಳಿಗಳೂ ಇದೇ ಜಾಡಿನಲ್ಲಿವೆ.

"ಉಂಟಾದದ್ದು" ಎಂಬ ಮಾತು ಎಲ್ಲರಿಗೂ ತಿಳಿಯುತ್ತದೆ. ಗುಂಡು ತಗುಲಿತು, ವಾಹನ ಮಗುಚಿತು, ಕವಾಯತಿನಲ್ಲಿ ಕಾಲು ಮುರಿಯಿತು. ಜನ ಮರೆಯುವುದು ಎರಡನೆಯ ಮಾತನ್ನು. ಕಾಯಿಲೆಯ ಬೀಜ ಎಲ್ಲಿಂದಲೇ ಬಂದಿರಲಿ, ಸೇವೆಯ ಪರಿಸ್ಥಿತಿ ಅದನ್ನು ಬೆಳೆಸಿದ್ದರೆ, ಬೇಗ ತಂದಿದ್ದರೆ, ಅದೂ ಪಿಂಚಣಿಗೆ ಸಾಕು. ಬೋರ್ಡಿನವರು ಸೊಂಟದ ಕಾಯಿಲೆಯನ್ನು "ವಯೋಸಹಜ ಸವೆತ" ಎಂದು ಬರೆದರೆ ಅಷ್ಟಕ್ಕೇ ಮಾತು ಮುಗಿಯಿತೆಂದು ತಿಳಿಯಬಾರದು. ಸವೆತ ವಯಸ್ಸಿನದೇ ಇರಬಹುದು. ನಲವತ್ತೆರಡನೆಯ ವಯಸ್ಸಿಗೆ ಅರವತ್ತರ ಸೊಂಟ ಏಕೆ ಬಂತು ಎಂಬ ಪ್ರಶ್ನೆ ಆಗಲೂ ಉಳಿಯುತ್ತದೆ.

ಒಂದು ಕೀಲಿನಿಂದ ಇನ್ನೊಂದಕ್ಕೆ

ಜೋಡೆತ್ತಿನಲ್ಲಿ ಒಂದು ಕುಂಟಿದರೆ ನೊಗದ ಭಾರ ಇನ್ನೊಂದರ ಹೆಗಲಿಗೆ ಬೀಳುವುದನ್ನು ನಾವೆಲ್ಲ ನೋಡಿದ್ದೇವೆ. ದೇಹದ ಲೆಕ್ಕವೂ ಹೆಚ್ಚುಕಡಿಮೆ ಹಾಗೆಯೇ.

ಮಂಡಿಯ ಎರಡು ಮೂಳೆಗಳ ನಡುವೆ ಮೆತ್ತೆಯಂತೆ ಇರುವ ಮೃದ್ವಸ್ಥಿಯ ಬಿಲ್ಲೆ ಹರಿದರೆ ಅಥವಾ ಕೀಲನ್ನು ಹಿಡಿದಿಡುವ ಲಿಗಮೆಂಟು ಕಿತ್ತರೆ, ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಗಿದ್ದರೂ ಆ ಮಂಡಿ ಮೊದಲಿನಂತೆ ಭಾರ ಹಂಚುವುದಿಲ್ಲ. ಹತ್ತು ಹದಿನೈದು ವರ್ಷದಲ್ಲಿ ಅದೇ ಮಂಡಿಗೆ ಸವೆತದ ಸಂಧಿವಾತ ಬರುವ ಸಂಭವ ಪೆಟ್ಟಾಗದ ಮಂಡಿಗಿಂತ ಬಹಳ ಹೆಚ್ಚು. ಇದು ಮೊದಲ ಬಗೆಯ ಆನುಷಂಗಿಕ ಕಾಯಿಲೆ, ಅಂದರೆ ಒಂದರ ಹಿಂದೆ ಬರುವ ಇನ್ನೊಂದು.

ಎರಡನೆಯ ಬಗೆ ಇನ್ನೊಂದು ಕಾಲಿನದು. ನೋಯುವ ಕಾಲನ್ನು ಉಳಿಸಿಕೊಳ್ಳಲು ಮನುಷ್ಯ ತಿಳಿಯದೆಯೇ ಒಳ್ಳೆಯ ಕಾಲಿನ ಮೇಲೆ ಹೆಚ್ಚು ಭಾರ ಬಿಡುತ್ತಾನೆ. ಒಂದು ಕಾಲು ಕಳೆದುಕೊಂಡು ಕೃತಕ ಕಾಲು ಹಾಕಿಕೊಂಡವರಲ್ಲಿ ಉಳಿದ ಕಾಲಿನ ಮಂಡಿ ಬೇಗ ಸವೆಯುವುದೂ ಸೊಂಟನೋವು ಬರುವುದೂ ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ.

ಮೂರನೆಯದು ಸೊಂಟ, ಮತ್ತು ತಕರಾರು ಹೆಚ್ಚು ಬರುವುದೂ ಇಲ್ಲಿಯೇ. ಕುಂಟುವಾಗ ಸೊಂಟ ಒಂದು ಪಕ್ಕಕ್ಕೆ ವಾಲುತ್ತದೆ. ಬೆನ್ನುಮೂಳೆಯ ಕೆಳಗಿನ ಮಣಿಗಳ ನಡುವಿನ ಬಿಲ್ಲೆಗಳ ಮೇಲೆ, ನಾವು ಡಿಸ್ಕು ಎನ್ನುತ್ತೇವಲ್ಲ ಅವುಗಳ ಮೇಲೆ, ಒತ್ತಡ ಸಮವಾಗಿ ಬೀಳುವುದಿಲ್ಲ. ಅದರ ಮೇಲೆ ಬೆನ್ನಿಗೆ ಸಾಮಾನಿನ ಹೊರೆ, ಏರುಪೇರಿನ ನೆಲದಲ್ಲಿ ನಡಿಗೆ, ಲಾರಿಯ ಹಿಂಭಾಗದಲ್ಲಿ ದಿನಗಟ್ಟಲೆ ಕುಲುಕಾಟ. ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಸೊಂಟನೋವು ಎಂದೂ ಸೇನೆಗೆ ಹೋಗದವರಿಗೂ ಬರುತ್ತದೆ. ಮಾಲೂರಿನಲ್ಲಿ ಇಟ್ಟಿಗೆ ಹೊತ್ತವರಿಗೆ ಬರುತ್ತದೆ, ಕೋಲಾರದ ಮಾರುಕಟ್ಟೆಯಲ್ಲಿ ಟೊಮೇಟೊ ಕ್ರೇಟು ಎತ್ತಿದವರಿಗೆ ಬರುತ್ತದೆ. ಮಂಡಿಯಲ್ಲಿ ಪೆಟ್ಟಿದೆ, ಸೊಂಟದಲ್ಲಿ ನೋವಿದೆ ಎಂದು ಎರಡನ್ನು ಪಕ್ಕಪಕ್ಕದಲ್ಲಿ ಬರೆದ ಮಾತ್ರಕ್ಕೆ ಸಂಬಂಧ ಸಿದ್ಧವಾಗುವುದಿಲ್ಲ. ಈ ರೋಗಿಯಲ್ಲಿ ಇದರಿಂದ ಅದು ಬಂದಿರಬಹುದೆಂದು ಮೂಳೆ ತಜ್ಞರೊಬ್ಬರು ಕಾರಣ ಕೊಟ್ಟು ಬರೆಯಬೇಕು. ಮೇಲ್ಮನವಿ ನಿಲ್ಲುವುದೂ ಬೀಳುವುದೂ ಈ ಒಂದು ಕಾಗದದ ಮೇಲೆ ಎಂಬುದು ನಮ್ಮ ಅನುಭವ.

ನಿಯಮದಲ್ಲಿ ಇರುವ ಆಧಾರ

ಅಮೆರಿಕದಲ್ಲಿ ಮಾಜಿ ಸೈನಿಕರಿಗೆ ಇದಕ್ಕೆಂದೇ ಒಂದು ನಿಯಮವಿದೆ. ಸೇವೆಯದೆಂದು ಒಪ್ಪಿದ ಕಾಯಿಲೆಯಿಂದ ಹುಟ್ಟಿದ ಇನ್ನೊಂದು ಕಾಯಿಲೆಯನ್ನೂ ಸೇವೆಯದೆಂದೇ ಎಣಿಸಬೇಕು ಎಂದು ಅದು ಹೇಳುತ್ತದೆ. ನಮ್ಮಲ್ಲಿ ಆ ವಾದವನ್ನು "ಉಂಟಾದದ್ದು, ಉಲ್ಬಣಿಸಿದ್ದು" ಎಂಬ ಎರಡು ಮಾತುಗಳ ಮೂಲಕವೇ ಕಟ್ಟಬೇಕು. ಅದಕ್ಕೆ ಆಧಾರ ಇಲ್ಲದಿಲ್ಲ.

1982ರ ಅರ್ಹತಾ ನಿಯಮಗಳಿಗೆ ಮೂರನೆಯ ಅನುಬಂಧವೊಂದಿದೆ. ಸೇವೆಯ ಯಾವ ಯಾವ ಪರಿಸ್ಥಿತಿ ಯಾವ ಯಾವ ಕಾಯಿಲೆಯ ಮೇಲೆ ಪರಿಣಾಮ ಮಾಡಬಲ್ಲದು ಎಂಬ ಪಟ್ಟಿ ಅದು. ಹವಾಮಾನದಿಂದ ಬರುವವು, ಮನಸ್ಸಿನ ಒತ್ತಡದಿಂದ ಬರುವವು, ಆಹಾರದಿಂದ ಬರುವವು ಎಂದೆಲ್ಲ ವಿಂಗಡಿಸಿ, ತರಬೇತಿ, ಕವಾಯತು, ದೀರ್ಘಕಾಲ ನಿಂತಿರುವುದು ಮುಂತಾದವುಗಳಿಂದ ಪ್ರಭಾವಿತವಾಗುವ ಕಾಯಿಲೆಗಳೆಂದು ಒಂದು ಗುಂಪು ಮಾಡಿದ್ದಾರೆ. ಪೆಟ್ಟಿನ ಪರಿಣಾಮವಾಗಿ ಕೀಲು ಬಿಗಿದುಕೊಳ್ಳುವುದು ಮತ್ತು ವಕ್ರವಾಗುವುದು, ಮಂಡಿಕೀಲಿನ ಒಳಗಿನ ಕೆಡುಕು, ಪಾದದ ವಿಕಾರ, ಬೆನ್ನುಮೂಳೆಯ ಮತ್ತು ಕೆಳ ಅವಯವಗಳ ಕೀಲುಗಳ ಸವೆತದ ಸಂಧಿವಾತ, ಇವೆಲ್ಲ ಅಲ್ಲಿ ಹೆಸರು ಹಿಡಿದು ಬಂದಿವೆ. ನಮ್ಮ ಹವಾಲ್ದಾರರ ಮಂಡಿಯೂ ಬೆನ್ನೂ ಒಂದೇ ಗುಂಪಿನಲ್ಲಿ ಎರಡು ಸಾಲಿನ ಅಂತರದಲ್ಲಿದ್ದವು. ಅವರ ಪತ್ರದಲ್ಲಿ ಅದರ ಸುಳಿವೂ ಇರಲಿಲ್ಲ.

ಅದೇ ನಿಯಮಗಳು ಇನ್ನೊಂದು ಮುಖ್ಯ ಮಾತನ್ನು ಹೇಳುತ್ತವೆ. ಸೇನೆಗೆ ಸೇರುವಾಗ ದಾಖಲೆಯಲ್ಲಿ ಯಾವ ಕಾಯಿಲೆಯನ್ನೂ ಬರೆದಿಲ್ಲವಾದರೆ, ಆ ವ್ಯಕ್ತಿ ಅಂದು ಆರೋಗ್ಯವಾಗಿದ್ದನೆಂದೇ ಭಾವಿಸಬೇಕು. ಕಾಯಿಲೆ ಸೇವೆಯಿಂದ ಬಂದದ್ದೆಂದು ಸಾಬೀತು ಮಾಡುವ ಭಾರವನ್ನು ಸಾಮಾನ್ಯವಾಗಿ ಸೈನಿಕನ ಮೇಲೆ ಹೊರಿಸಬಾರದು. ಯುಕ್ತವಾದ ಸಂದೇಹ ಉಳಿದರೆ ಅದರ ಲಾಭ ಅವನಿಗೇ ಸಲ್ಲಬೇಕು. 2013ರ ಜುಲೈ 2ರಂದು ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ನಿಯಮಗಳನ್ನೆಲ್ಲ ಒಟ್ಟಿಗೆ ಓದಿ, ಸೇರುವಾಗ ಟಿಪ್ಪಣಿ ಇಲ್ಲದ ಕಾಯಿಲೆ ಸೇವೆಯಲ್ಲಿ ಹುಟ್ಟಿದ್ದೆಂದೇ ಭಾವಿಸಬೇಕು, ಇಲ್ಲವೆನ್ನುವುದಾದರೆ ಬೋರ್ಡು ಕಾರಣಗಳನ್ನು ಬರೆಯಬೇಕು ಎಂದು ತೀರ್ಪು ಕೊಟ್ಟಿತು. 2015ರಲ್ಲಿ ರಾಜ್‌ಬೀರ್ ಸಿಂಗ್ ಪ್ರಕರಣದಲ್ಲಿ ಅದನ್ನೇ ಎತ್ತಿಹಿಡಿಯಿತು. 2025ರ ಮೇ ತಿಂಗಳಲ್ಲಿ ರಾಜುಮೋನ್ ಎಂಬವರ ಪ್ರಕರಣದಲ್ಲಿ, ಕಾರಣ ಕೊಡದ ಬೋರ್ಡಿನ ಅಭಿಪ್ರಾಯವನ್ನು ಆಧಾರವಾಗಿಟ್ಟುಕೊಂಡು ಪಿಂಚಣಿ ನಿರಾಕರಿಸಲಾಗದು ಎಂದಿತು. ಇವೆಲ್ಲ ಮೂರ್ಛೆರೋಗ, ಮಾನಸಿಕ ಕಾಯಿಲೆ ಮುಂತಾದ ಪ್ರಕರಣಗಳಿಂದ ಬಂದ ತೀರ್ಪುಗಳು. ಆದರೂ ಅಲ್ಲಿ ಹೇಳಿದ ಸೂತ್ರ ಕೀಲಿಗೂ ಬೆನ್ನಿಗೂ ಅನ್ವಯಿಸುತ್ತದೆ.

ತಿರಸ್ಕಾರದ ಪತ್ರಗಳಲ್ಲಿ ಪದೇ ಪದೇ ಬರುವ ಒಂದು ವಾಕ್ಯವಿದೆ. ಕಾಯಿಲೆ ಶುರುವಾದದ್ದು ಶಾಂತಿ ನೆಲೆಯಲ್ಲಿ, ಗಡಿಯಲ್ಲೋ ಎತ್ತರದ ಹಿಮಪ್ರದೇಶದಲ್ಲೋ ಅಲ್ಲ, ಆದ್ದರಿಂದ ಸೇವೆಗೂ ಅದಕ್ಕೂ ಸಂಬಂಧವಿಲ್ಲ ಎಂಬುದು. ಶಾಂತಿ ನೆಲೆಯಲ್ಲಿಯೂ ಕಠಿಣ ತರಬೇತಿಯೂ ಒತ್ತಡವೂ ಇದ್ದೇ ಇರುತ್ತವೆ ಎಂದು ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಪೀಠಗಳು ಎಷ್ಟೋ ಆದೇಶಗಳಲ್ಲಿ ಹೇಳಿವೆ. ಆದ್ದರಿಂದ ಈ ವಾಕ್ಯಕ್ಕೆ ಹೆದರಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ ಎದುರು ಪಕ್ಷವನ್ನೂ ಹೇಳಬೇಕು. 2019ರಲ್ಲಿ ನರಸಿಂಗ್ ಯಾದವ್ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟು ಸೇವೆಯಲ್ಲಿ ಕಾಣಿಸಿಕೊಂಡ ಕಾಯಿಲೆಯೆಲ್ಲ ತಾನಾಗಿ ಸೇವೆಯದಾಗುವುದಿಲ್ಲ, ತಜ್ಞರ ಬೋರ್ಡಿನ ಅಭಿಪ್ರಾಯಕ್ಕೆ ಬೆಲೆ ಕೊಡಬೇಕು ಎಂದಿದೆ. 2008ರ ಅರ್ಹತಾ ನಿಯಮಗಳ ಪ್ರಕಾರ ನಿವೃತ್ತಿಯಾಗಿ 15 ವರ್ಷ ಕಳೆದ ಮೇಲೆ ಹೂಡಿದ ಕೋರಿಕೆಯಲ್ಲಿ ಸಾಬೀತು ಮಾಡುವ ಭಾರ ಕೋರುವವನ ಮೇಲೆಯೇ ಬೀಳುತ್ತದೆ. 2023ರ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮಗಳು ಬಂದಿವೆ. ಅಂದಿನಿಂದೀಚೆಗೆ ಸೇವೆ ಬಿಟ್ಟವರಿಗೆ ಹೆಸರುಗಳೂ ಲೆಕ್ಕಗಳೂ ಬೇರೆ. ಅಂಥವರು ಈ ಲೇಖನವನ್ನು ನೆಚ್ಚದೆ ಹೊಸ ನಿಯಮಗಳನ್ನು ಕೇಳಿ ತಿಳಿಯಬೇಕು. ನಾವು ಇಲ್ಲಿ ಬರೆಯುತ್ತಿರುವುದು ಅದಕ್ಕೆ ಮೊದಲು ನಿವೃತ್ತರಾದವರ ವಿಚಾರ.

ನಾವು ಮಾಡಿದ ತಪ್ಪು

ಮುಳಬಾಗಿಲಿನ ಸದಸ್ಯರ ಮೊದಲ ಮೇಲ್ಮನವಿಯನ್ನು ಅವಸರದಲ್ಲಿ ನಾವೇ ಕುಳಿತು ಬರೆದೆವು. ಎರಡು ಪುಟ ತುಂಬ ಅವರ ಕಷ್ಟವಿತ್ತು. ಮಗಳ ಮದುವೆ, ಬತ್ತಿದ ಬಾವಿ, ಸೊಸೈಟಿಯ ಸಾಲ, ದೇಶಕ್ಕಾಗಿ ಸವೆಸಿದ ಪ್ರಾಯ. ಓದಿದವರ ಕಣ್ಣು ತೇವವಾಗುವಂತಿತ್ತೆಂದು ನಾವೇ ಹೊಗಳಿಕೊಂಡೆವು. ಮಂಡಿಯಿಂದ ಸೊಂಟಕ್ಕೆ ಹೇಗೆ ಬಂತೆಂಬ ಬಗ್ಗೆ ಇದ್ದದ್ದು ಒಂದೇ ಸಾಲು, ವೈದ್ಯರ ಕಾಗದ ಒಂದೂ ಇರಲಿಲ್ಲ. ಉತ್ತರವೂ ಮೊದಲಿನ ಪತ್ರದ ನಕಲಿನಂತೆಯೇ ಬಂತು. ತಪ್ಪು ಉತ್ತರ ಕೊಟ್ಟವರದೆನ್ನುವಂತಿಲ್ಲ. ಆ ಮೇಲ್ಮನವಿಯಲ್ಲಿ ಅವರು ತೂಗಿ ನೋಡಬಹುದಾದದ್ದು ಏನೂ ಇರಲಿಲ್ಲ.

ಎರಡನೆಯ ಸಲ ಬೇರೆ ದಾರಿ ಹಿಡಿದೆವು. ಮೊದಲು ಕಾಗದಗಳನ್ನು ಕೂಡಿಸಿದೆವು. ಬಿದ್ದಾಗ ಘಟಕದವರು ತುಂಬಿದ ಪೆಟ್ಟಿನ ವರದಿ, ಅದಕ್ಕೆ ಐ.ಎ.ಎಫ್.ವೈ.–2006 ಎಂದು ನಮೂನೆಯ ಸಂಖ್ಯೆ. ಶಸ್ತ್ರಚಿಕಿತ್ಸೆಯಾದ ಮಿಲಿಟರಿ ಆಸ್ಪತ್ರೆಯ ಬಿಡುಗಡೆ ಚೀಟಿ. ವೈದ್ಯಕೀಯ ದರ್ಜೆಯನ್ನು ಇಳಿಸಿದ ವರ್ಷ ವರ್ಷದ ದಾಖಲೆ. ಸೇನೆಯವರು ದರ್ಜೆಯನ್ನು ಐದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ, ಅದರಲ್ಲಿ ಕೈಕಾಲುಗಳಿಗೆ ಸಂಬಂಧಪಟ್ಟದ್ದು "ಎ". ಎಲ್ಲಕ್ಕಿಂತ ಮುಖ್ಯವಾದದ್ದು ಬಿಡುಗಡೆಯ ಮೆಡಿಕಲ್ ಬೋರ್ಡಿನ ಪೂರ್ತಿ ನಡವಳಿ, ಎ.ಎಫ್.ಎಂ.ಎಸ್.ಎಫ್.–16 ಎಂಬ ನಮೂನೆ. ತಿರಸ್ಕಾರದ ಪತ್ರದಲ್ಲಿ ತೀರ್ಮಾನ ಮಾತ್ರ ಇರುತ್ತದೆ. ಅದರ ಹಿಂದೆ ಏನು ಕಾರಣ ಬರೆದಿದ್ದಾರೆ, ಅಥವಾ ಬರೆದೇ ಇಲ್ಲ ಎಂಬುದು ಈ ನಡವಳಿಯಲ್ಲಿ ಮಾತ್ರ ಕಾಣುತ್ತದೆ. ಮನೆಯಲ್ಲಿ ಇಲ್ಲದಿದ್ದರೆ ತಮ್ಮ ದಾಖಲಾತಿ ಕಚೇರಿಗೆ ಬರೆಯಬೇಕು. ಮದ್ರಾಸ್ ಎಂಜಿನಿಯರ್ ಗ್ರೂಪಿನವರಿಗೆ ಅದು ಬೆಂಗಳೂರಿನಲ್ಲಿಯೇ ಇದೆ, ಮದ್ರಾಸ್ ರೆಜಿಮೆಂಟಿನವರಿಗೆ ವೆಲ್ಲಿಂಗ್ಟನ್ನಿನಲ್ಲಿ, ಮರಾಠಾ ಲಘು ಪದಾತಿ ದಳದವರಿಗೆ ಬೆಳಗಾವಿಯಲ್ಲಿ, ಇ.ಎಂ.ಇ.ಯವರಿಗೆ ಸಿಕಂದರಾಬಾದಿನಲ್ಲಿ, ತೋಪಿನ ದಳದವರಿಗೆ ನಾಸಿಕದಲ್ಲಿ. ಬರೆದರೂ ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಂತೆ 10 ರೂಪಾಯಿ ಕಟ್ಟಿ ಕೇಳಬಹುದು, 30 ದಿನದೊಳಗೆ ಉತ್ತರ ಕೊಡಬೇಕು.

ನಡವಳಿ ಕೈಗೆ ಬಂದಾಗ ಒಂದು ಸಂಗತಿ ಕಂಡಿತು. ಅದರಲ್ಲಿ ಸೈನಿಕನ ಸ್ವಂತ ಹೇಳಿಕೆಯೆಂದು ಒಂದು ಭಾಗವಿದೆ. ಎಲ್ಲೆಲ್ಲಿ ಸೇವೆ ಮಾಡಿದೆ, ಯಾವಾಗ ಯಾವ ಕಾಯಿಲೆಯಾಯಿತು, ಅದಕ್ಕೆ ಕಾರಣವೇನೆಂದು ನೀನು ತಿಳಿಯುತ್ತೀಯೆ ಎಂದು ಕೇಳುತ್ತಾರೆ. ನಮ್ಮ ಸದಸ್ಯರು ಸೊಂಟದ ಎದುರು ಏನನ್ನೂ ಬರೆಯದೆ ಸಹಿ ಹಾಕಿದ್ದರು. "ಮನೆಗೆ ಹೋಗೋ ಆತುರ ಸ್ವಾಮಿ, ಎಲ್ಲಿ ಹಾಕು ಅಂದ್ರೋ ಅಲ್ಲಿ ಹಾಕ್ದೆ" ಎಂದರು. ಈಗ ಸೇನೆಯಲ್ಲಿರುವ ಮಕ್ಕಳಿಗೆ, ಅಳಿಯಂದಿರಿಗೆ ಪತ್ರ ಬರೆಯುವವರು ಈ ಒಂದು ವಿಷಯವನ್ನು ತಪ್ಪದೆ ಬರೆಯಿರಿ.

ಆ ಮೇಲೆ ಮೂಳೆ ತಜ್ಞರ ಬಳಿ ಹೋದದ್ದು. ಇ.ಸಿ.ಎಚ್.ಎಸ್. ಕಾರ್ಡು ಇದ್ದವರು ಪಾಲಿಕ್ಲಿನಿಕ್ಕಿನ ಮೂಲಕ ತಜ್ಞರನ್ನು ಕಾಣಬಹುದು. ಅಲ್ಲಿ ಕೇಳಬೇಕಾದ ಪ್ರಶ್ನೆ "ನನಗೆ ಸೊಂಟನೋವಿದೆಯೇ" ಎಂಬುದಲ್ಲ. ಕಾಗದಗಳನ್ನೆಲ್ಲ ಮುಂದಿಟ್ಟು, ಇಂಥ ವರ್ಷ ಮಂಡಿಗೆ ಪೆಟ್ಟು, ಇಂಥ ವರ್ಷದಿಂದ ಕುಂಟು, ಇಂಥ ವರ್ಷ ಸೊಂಟದ ಎಕ್ಸ್‌ರೇಯಲ್ಲಿ ಬದಲಾವಣೆ, ಮೊದಲನೆಯದು ಎರಡನೆಯದಕ್ಕೆ ಕಾರಣವಾಗಿರುವ ಅಥವಾ ಅದನ್ನು ಹೆಚ್ಚಿಸಿರುವ ಸಂಭವ ಎಷ್ಟು, ಏಕೆ ಎಂದು ಬರೆದುಕೊಡಿ ಎಂದು ವಿನಂತಿಸಬೇಕು. ವೈದ್ಯರು ಬರೆಯಲಾಗದೆಂದರೆ ಒತ್ತಾಯಿಸಬಾರದು. ನಿಜವಾಗಿಯೂ ಸಂಬಂಧವಿಲ್ಲದೆ ಇರಬಹುದು. ಅದು ತಿಳಿದರೆ ಓಡಾಟದ ಖರ್ಚಾದರೂ ಉಳಿಯುತ್ತದೆ.

ತೋಟದ ಪ್ರಶ್ನೆ

ಮೇಲ್ಮನವಿಯ ಮೇಲೆ ಮತ್ತೆ ಮೆಡಿಕಲ್ ಬೋರ್ಡಿನ ಮುಂದೆ ಕರೆದರೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಈಗ ಏನು ಮಾಡಿಕೊಂಡಿದ್ದೀರಿ? ನಮ್ಮವರು ಸ್ವಾಭಿಮಾನದಿಂದ "ತೋಟ ಇದೆ, ನಾನೇ ನೋಡಿಕೊಳ್ಳುತ್ತೇನೆ" ಎನ್ನುತ್ತಾರೆ. ಬರೆದುಕೊಳ್ಳುವವರಿಗೆ ಅದು ಕೇಳಿಸುವುದು ಮೂಟೆ ಹೊರುತ್ತಾನೆ, ಅಗೆಯುತ್ತಾನೆ, ಮರ ಹತ್ತುತ್ತಾನೆ ಎಂದು. ಸೊಂಟ ಕೆಟ್ಟದ್ದು ತೋಟದಿಂದಲೇ ಎಂದು ವಾದ ಹೊರಳಲು ಅಷ್ಟು ಸಾಕು.

ಇದಕ್ಕೆ ಕೆಲವರು ಕೊಡುವ ಸಲಹೆ ತೋಟದ ವಿಚಾರವನ್ನೇ ಎತ್ತಬೇಡಿ ಎಂಬುದು. ನಮಗೆ ಅದು ಒಪ್ಪಿಗೆಯಿಲ್ಲ. ಸುಳ್ಳು ಹೇಳುವುದು ತಪ್ಪು, ಪಹಣಿಯಲ್ಲಿ ಹೆಸರಿದ್ದೂ ಇಲ್ಲವೆನ್ನುವುದು ದಡ್ಡತನ ಕೂಡ. ಇರುವುದನ್ನು ಇರುವ ಹಾಗೆ, ಬಿಡಿಬಿಡಿಯಾಗಿ ಹೇಳಬೇಕು. ಗೊನೆ ಇಳಿಸಲು ಕೂಲಿಯವರನ್ನು ಕರೆಸುತ್ತೇನೆ. 50 ಕೆ.ಜಿ. ಚೀಲವನ್ನು ಎತ್ತಲಾರೆ, ಮಗ ಎತ್ತುತ್ತಾನೆ. ಹನಿ ನೀರಾವರಿಯ ಪೈಪು ಸರಿಮಾಡಲು ಕುಕ್ಕರುಗಾಲಿನಲ್ಲಿ ಕೂರಲಾರೆ. ಬಸ್ಸಿನಲ್ಲಿ ಶ್ರೀನಿವಾಸಪುರದಿಂದ ಕೋಲಾರಕ್ಕೆ ನಿಂತು ಬರಲಾರೆ. ಹೀಗೆ ಹೇಳಿದರೆ ಕಾಯಿಲೆಯ ಪ್ರಮಾಣವೂ ತಿಳಿಯುತ್ತದೆ. ಸೇವೆಯಲ್ಲಿದ್ದಾಗಲೇ ಸೊಂಟದ ಚಿಕಿತ್ಸೆಗೆ ಹೋದ ದಾಖಲೆಯಿದ್ದರೆ ತೋಟದ ವಾದ ತಾನಾಗಿ ಸಡಿಲವಾಗುತ್ತದೆ, ಏಕೆಂದರೆ ಆಗ ತೋಟವೇ ಇರಲಿಲ್ಲ. ಸೇವೆಯಲ್ಲಿ ಕಾಣಿಸಿಕೊಳ್ಳದೆ ನಿವೃತ್ತಿಯ ನಂತರ ಬಂದ ಕಾಯಿಲೆಗೂ ನಿಯಮದಲ್ಲಿ ಜಾಗವಿದೆ. ಸೇವೆಯ ಪರಿಸ್ಥಿತಿಯಿಂದ ಆಗಲೇ ಶುರುವಾಗಿದ್ದ ಕೆಡುಕು ತಡವಾಗಿ ಹೊರಬಿದ್ದದ್ದು ಎಂದು ಸಕ್ಷಮ ವೈದ್ಯಾಧಿಕಾರಿ ಒಪ್ಪಬೇಕು, ಮತ್ತು ಅದು ನಿಯಮ ಗೊತ್ತುಮಾಡಿದ ವರ್ಷಗಳೊಳಗೆ ಕಾಣಿಸಿರಬೇಕು. ಆ ಹಾದಿ ಕಷ್ಟದ್ದು.

ಮೆಟ್ಟಿಲುಗಳು ಮತ್ತು ಗಡುವು

ತಿರಸ್ಕಾರದ ಪತ್ರ ಬಂದ ಆರು ತಿಂಗಳೊಳಗೆ ಮೊದಲ ಮೇಲ್ಮನವಿ. ಅದನ್ನು ದಾಖಲಾತಿ ಕಚೇರಿಯ ಮೂಲಕ ಮೊದಲ ಮೇಲ್ಮನವಿ ಸಮಿತಿಗೆ ಕಳುಹಿಸಬೇಕು. ಅದೂ ತಿರಸ್ಕೃತವಾದರೆ ಮತ್ತೆ ಆರು ತಿಂಗಳೊಳಗೆ ಎರಡನೆಯ ಸಮಿತಿಗೆ. ಅದಾದ ಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯಿದೆಯಂತೆ ಸ್ಥಾಪನೆಯಾಗಿ 2009ರ ಆಗಸ್ಟಿನಲ್ಲಿ ಕೆಲಸ ಶುರುಮಾಡಿದ ಈ ಮಂಡಳಿಯಲ್ಲಿ ಕರ್ನಾಟಕ ಕೊಚ್ಚಿ ಪೀಠದ ವ್ಯಾಪ್ತಿಗೆ ಸೇರಿದೆ. ಕೆಳಗಿನ ಮೆಟ್ಟಿಲುಗಳನ್ನು ಹತ್ತದೆ ನೇರವಾಗಿ ಅಲ್ಲಿಗೆ ಹೋದರೆ ಸಾಮಾನ್ಯವಾಗಿ ಅರ್ಜಿಯನ್ನು ಒಪ್ಪುವುದಿಲ್ಲ. ಅಲ್ಲಿಯೂ ಅಂತಿಮ ಆದೇಶದಿಂದ ಆರು ತಿಂಗಳ ಗಡುವು. ಸಕಾರಣವಿದ್ದರೆ ತಡವನ್ನು ಮನ್ನಿಸುವ ಅಧಿಕಾರ ಮಂಡಳಿಗಿದೆ. ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯವರು ಅರ್ಜಿಗಳಿಗೆ ಸಹಾಯ ಮಾಡುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಹರಿಗೆ ಉಚಿತ ವಕೀಲರ ನೆರವೂ ಸಿಗುತ್ತದೆ. 2025ರ ಜುಲೈಯಲ್ಲಿ ರಾಷ್ಟ್ರೀಯ ಪ್ರಾಧಿಕಾರದವರು ಸೈನಿಕ ಕುಟುಂಬಗಳಿಗಾಗಿಯೇ ವೀರ ಪರಿವಾರ ಸಹಾಯತಾ ಯೋಜನೆ ಎಂಬುದನ್ನು ಆರಂಭಿಸಿದ್ದಾರೆ. ಬಂದ ಹಣದಲ್ಲಿ ಪಾಲು ಕೊಡಿ, ಎಲ್ಲವನ್ನೂ ಮಾಡಿಸಿಕೊಡುತ್ತೇವೆ ಎಂದು ಮನೆ ಬಾಗಿಲಿಗೆ ಬರುವವರಿಂದ ದೂರವಿರಿ.

ಮೇಲ್ಮನವಿಯಲ್ಲಿ ಪ್ರತಿಯೊಂದು ಕಾಯಿಲೆಗೂ ಬೇರೆ ಬೇರೆಯಾಗಿ ಉತ್ತರ ಕೇಳಬೇಕು. ಸೊಂಟದ್ದು ಸೇವೆಯಿಂದ ಉಂಟಾದದ್ದಲ್ಲವೆಂದಾದರೆ, ಒಪ್ಪಿರುವ ಮಂಡಿಯ ಪೆಟ್ಟಿನಿಂದ ಉಲ್ಬಣಿಸಿತೇ ಇಲ್ಲವೇ, ಇಲ್ಲವಾದರೆ ಏಕೆ ಎಂದು ಸ್ಪಷ್ಟವಾಗಿ ಕೇಳಬೇಕು. ಕೇಳದೆ ಬಿಟ್ಟ ಪ್ರಶ್ನೆಗೆ ಯಾರೂ ಉತ್ತರ ಬರೆಯುವುದಿಲ್ಲ.

ಹಣದ ಲೆಕ್ಕ

ಇಷ್ಟೆಲ್ಲ ಓಡಾಟಕ್ಕೆ ಬರುವುದೆಷ್ಟು ಎಂದು ಕೇಳುವುದು ಸಹಜ. ಶೇ. 100 ನ್ಯೂನತೆಗೆ ಕೊನೆಯ ಸಂಬಳದ ಶೇ. 30ರಷ್ಟು ಎಂಬುದು ಮೂಲಸೂತ್ರ. ಕಡಿಮೆ ನ್ಯೂನತೆಗೆ ಅದೇ ಪ್ರಮಾಣದಲ್ಲಿ ಕಡಿಮೆ. ಕೊನೆಯ ಸಂಬಳ 40,000 ರೂಪಾಯಿ ಎಂದಿಟ್ಟುಕೊಂಡರೆ ಶೇ. 100ಕ್ಕೆ 12,000, ಶೇ. 30ಕ್ಕೆ 3,600 ರೂಪಾಯಿ. ಆದರೆ 2001ರ ಜನವರಿ 31ರ ಸರ್ಕಾರಿ ಆದೇಶದಂತೆ ಶೇ. 50ಕ್ಕಿಂತ ಕಡಿಮೆಯಿರುವುದನ್ನು 50ಕ್ಕೆ, 50ರಿಂದ 75ರ ನಡುವಿನದನ್ನು 75ಕ್ಕೆ, ಅದಕ್ಕೂ ಹೆಚ್ಚಿನದನ್ನು 100ಕ್ಕೆ ಏರಿಸಿ ಲೆಕ್ಕ ಹಿಡಿಯುವ ಪದ್ಧತಿ ಬಂತು. ಮೊದಲು ಇದು ಕಾಯಿಲೆಯ ಕಾರಣದಿಂದ ಸೇವೆಯಿಂದ ಕಳುಹಿಸಲ್ಪಟ್ಟವರಿಗೆ ಮಾತ್ರವೆಂದಿದ್ದರು. ಅವಧಿ ಪೂರೈಸಿ ನಿವೃತ್ತರಾದವರಿಗೂ ಸಲ್ಲಬೇಕೆಂದು 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹಾಗಾಗಿ ಶೇ. 30 ಎಂದು ಬರೆದಿದ್ದರೂ ಬರುವುದು ಶೇ. 50ರ ಲೆಕ್ಕದ 6,000 ರೂಪಾಯಿ. ಸಾಮಾನ್ಯ ಪಿಂಚಣಿಯ ಮೇಲೆ ಇದು ಹೆಚ್ಚುವರಿ, ಇದರ ಮೇಲೆ ತುಟ್ಟಿಭತ್ಯೆಯೂ ಉಂಟು. ಅಡಿಕೆ ಧಾರಣೆ ಇಳಿದ ವರ್ಷ, ಬಾವಿ ಬತ್ತಿದ ವರ್ಷ, ತಿಂಗಳಿಗೆ ಇಷ್ಟು ಬರುವುದೆಂದರೆ ಏನೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

ಮಂಡಿಗೆ 15, ಸೊಂಟಕ್ಕೆ 20, ಆದ್ದರಿಂದ 35 ಎಂದು ಕೂಡಿಸಬೇಡಿ. ಎರಡೂ ಒಪ್ಪಿಗೆಯಾದರೆ ಬೋರ್ಡು ಒಟ್ಟಾರೆ ಒಂದು ಅಂಕಿಯನ್ನು ಬರೆಯುತ್ತದೆ, ಅದು ಮೊತ್ತಕ್ಕಿಂತ ಕಡಿಮೆಯಿರಬಹುದು. ಕಾಯಿಲೆಯ ಕಾರಣದಿಂದ ಮಧ್ಯದಲ್ಲಿಯೇ ಮನೆಗೆ ಕಳುಹಿಸಲ್ಪಟ್ಟವರಿಗೆ ಶೇ. 20ಕ್ಕಿಂತ ಕಡಿಮೆ ಬರೆದಿದ್ದರೂ ನಿರಾಶರಾಗಬೇಕಿಲ್ಲ. ಸೇವೆಯಿಂದಲೇ ತೆಗೆದ ಮೇಲೆ ನ್ಯೂನತೆ ಶೇ. 20ಕ್ಕಿಂತ ಹೆಚ್ಚೆಂದೇ ತಿಳಿಯಬೇಕೆಂದು 2014ರ ಸುಖ್ವಿಂದರ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದಾರೆ.

ಬಹಳ ಹಿಂದೆಯೇ ತಿರಸ್ಕೃತರಾಗಿ ಸುಮ್ಮನಾದ ಹಿರಿಯರೂ ನಮ್ಮಲ್ಲಿದ್ದಾರೆ. ಅವರ ಬಾಗಿಲು ಪೂರ್ತಿ ಮುಚ್ಚಿಲ್ಲ. ತರ್ಸೇಮ್ ಸಿಂಗ್ ಎಂಬ ಸೈನಿಕರು 1983ರಲ್ಲಿ ಸೇವೆಯಿಂದ ಹೊರಬಂದು 1999ರಲ್ಲಿ ಕೋರ್ಟಿಗೆ ಹೋದರು. ಪಿಂಚಣಿ ಕೊಡದಿರುವುದು ಪ್ರತಿ ತಿಂಗಳೂ ಮುಂದುವರಿಯುವ ಅನ್ಯಾಯವಾದ್ದರಿಂದ ತಡವಾಯಿತೆಂದು ತಳ್ಳಿಹಾಕಬೇಕಾಗಿಲ್ಲ, ಆದರೆ ಹಿಂಬಾಕಿ ಮಾತ್ರ ಅರ್ಜಿಗೆ ಹಿಂದಿನ ಮೂರು ವರ್ಷಗಳದ್ದೇ ಎಂದು 2008ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ತಡ ಮಾಡಿದಷ್ಟು ವರ್ಷದ ಹಣ ಹೋಯಿತು. 15 ವರ್ಷ ದಾಟಿದರೆ ಮೇಲೆ ಹೇಳಿದಂತೆ ಸಾಬೀತಿನ ಭಾರವೂ ತಲೆಗೆ ಬಂತು.

ಮುಳಬಾಗಿಲಿನ ಸದಸ್ಯರ ಎರಡನೆಯ ಮೇಲ್ಮನವಿ ಮೂಳೆ ತಜ್ಞರ ಮೂರು ಪ್ಯಾರಾಗಳ ಅಭಿಪ್ರಾಯದೊಡನೆ, ಅನುಬಂಧದ ಸಾಲುಗಳೊಡನೆ, ಈ ಸಲ ಮಗಳ ಮದುವೆಯ ಮಾತಿಲ್ಲದೆ ಹೋಗಿದೆ. ತೀರ್ಮಾನ ಇನ್ನೂ ಬಂದಿಲ್ಲ. ಬಂದಾಗ, ಯಾವ ಕಡೆಗೇ ಬರಲಿ, ಇದೇ ಪುಟದಲ್ಲಿ ತಿಳಿಸುತ್ತೇವೆ. ಇಂಥ ಪತ್ರ ಬಂದ ಬೇರೆ ಸದಸ್ಯರಿದ್ದರೆ ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಆದೇಶದ ಪ್ರತಿ, ಆಸ್ಪತ್ರೆಯ ಚೀಟಿಗಳು ಇವುಗಳನ್ನೆಲ್ಲ ತೆಗೆದುಕೊಂಡು ಸಂಘದ ಕಚೇರಿಗೆ ಬನ್ನಿ. ಪತ್ರ ಬಂದ ಲಕೋಟೆಯನ್ನೂ ಎಸೆಯದೆ ತನ್ನಿ. ಪತ್ರದ ಮೇಲೆ ಒಂದು ತಾರೀಖು, ಅದು ನಿಮ್ಮ ಕೈಸೇರಿದ್ದು ಇನ್ನೊಂದು ತಾರೀಖು ಆಗಿರಬಹುದು. ಆರು ತಿಂಗಳ ಲೆಕ್ಕದಲ್ಲಿ ತಕರಾರು ಬಂದರೆ ಅಂಚೆ ಮುದ್ರೆಯೇ ಸಾಕ್ಷಿ.